ಪುಟ ಇನ್ನೂರ ಹನ್ನೆರಡು

ಎರಡು ವಾರಕ್ಕೊಂದು ಗುರುವಾರ
ಗಿಬ್ಬಿಯ ಪುಸ್ತಕದ ವ್ಯಾನು ಹಡಗಿನಿಂದಿಳಿದು
ಗಾಳಿಗೆ ಓಲಾಡುತ್ತ ನಮ್ಮ ಯೆಲ್ ದ್ವೀಪಕ್ಕೆ ಬರುತ್ತದೆ.
ಸಾಲ್ಮನ್ ಕಾರ್ಖಾನೆಯ ಗೇಟಿನೆದುರು
ಹತ್ತೇ ನಿಮಿಷ.
ಬೂಟು ಕಳಚದೆ, ಕೈಯ ಮೀನುವಾಸನೆ ಹೋಗದೆ
ಹತ್ತುತ್ತೇನೆ. "ಹೊಸದಿದೆ ಆಸ್ಲಾ," ಅನ್ನುತ್ತಾನೆ,
"ಇಟ್ಟಿಗೆಯಷ್ಟು ದಪ್ಪ. ಡ್ರ್ಯಾಗನ್ ಇದೆಯಂತೆ."

ಡ್ರ್ಯಾಗನ್ ಇದ್ದೇ ಇರುತ್ತದೆ.
ಈಚೆಗೆ ಅವು ಬಹಳ ಸಭ್ಯವಾಗಿವೆ,
ಮಾತಾಡುತ್ತವೆ, ನೊಂದುಕೊಳ್ಳುತ್ತವೆ,
ಹುಡುಗಿಯರ ಮನಸ್ಸು ಓದುತ್ತವೆ.
ನಾನು ಚಿಕ್ಕವಳಿದ್ದಾಗ ಸುಮ್ಮನೆ ಸುಡುತ್ತಿದ್ದವು.

ಮೊದಲ ಪುಟದಲ್ಲಿ ನಕ್ಷೆ. ಅದು ನನಗಿಷ್ಟ.
ಕರಾವಳಿಗುಂಟ ಬೆರಳು ಸರಿಸಿ
ಬಂದರು ಹುಡುಕುತ್ತೇನೆ.
ಯಾವ ಗಾಳಿಗೆ ಮುಖ ಮಾಡಿದೆ, ಅಲೆತಡೆ ಉಂಟೇ,
ಈ ಮಹಾರಾಜ ಅಷ್ಟೊಂದು ಹಡಗು ತಂದು ಎಲ್ಲಿ ಕಟ್ಟುತ್ತಾನೆ?
ಹತ್ತರಲ್ಲಿ ಒಂಬತ್ತು
ಮೊದಲ ಚಳಿಗಾಲಕ್ಕೇ ಕೊಚ್ಚಿಹೋಗುವಂಥವು.
ಬರೆದವರು ಬಿರುಗಾಳಿಯನ್ನು
ಕಿಟಕಿಯೊಳಗಿಂದ ಕಂಡವರಿರಬೇಕು.

ತಕರಾರು ಇನ್ನೂ ಇವೆ.
ಏಳು ಹಗಲು ಏಳು ಇರುಳು ಕುದುರೆ ಓಡಿಸಿದರೂ
ಯಾರ ತೊಡೆಯೂ ಸುಲಿಯುವುದಿಲ್ಲ.
ಯುದ್ಧಕ್ಕೆ ಮೂರು ಅಧ್ಯಾಯ,
ಹೆಣ ಹೊತ್ತವರಿಗೆ ಅರ್ಧ ವಾಕ್ಯ.
ಒಂದನೆಯ ಸಂಪುಟದಲ್ಲಿ ಕೊಟ್ಟ ಮಾತು
ನಾಲ್ಕನೆಯದರಲ್ಲೂ ತೀರುವುದಿಲ್ಲ,
ಕೇಳಹೋದರೆ ಐದನೆಯದರತ್ತ ಕೈ ತೋರಿಸುತ್ತಾರೆ.
ಮಂತ್ರಕ್ಕೂ ಈಗ ಲೆಕ್ಕವಿದೆ:
ಇಷ್ಟು ರಕ್ತಕ್ಕೆ ಇಷ್ಟು ಬೆಂಕಿ,
ಪಾಳಿ ಮುಗಿವಾಗ ನಾವು ಬರೆಯುವ ತೂಕದ ಪಟ್ಟಿಯ ಹಾಗೆ.
ನನಗೆ ಲೆಕ್ಕ ಬೇಡ ಮಾರಾಯರೇ,
ಬೆಳಗಿನಿಂದ ಅದನ್ನೇ ಮಾಡಿ ಬಂದಿದ್ದೇನೆ.

ಆದರೂ ಓದುತ್ತೇನೆ.
ಜೂನಿನಲ್ಲಿ ಇಲ್ಲಿ ಕತ್ತಲಾಗುವುದೇ ಇಲ್ಲ.
ಇನ್ನೊಂದೇ ಅಧ್ಯಾಯ ಅಂತ ಕೂತವಳಿಗೆ
ಕುರಿಗಳು ಎದ್ದು ಮೈಕೊಡವಿದ ಸದ್ದಾದಾಗಲೇ
ಹೊತ್ತು ಎಷ್ಟಾಯಿತೆಂಬ ಖಬರು.

ಮೊನ್ನೆಯ ಪುಸ್ತಕದಲ್ಲಿ, ಪುಟ ಇನ್ನೂರ ಹನ್ನೆರಡರಲ್ಲಿ,
ಒಬ್ಬ ದೋಣಿಯವಳು ಬಂದಳು.
ಎರಡೇ ಸಾಲು.
ರಾಜಕುಮಾರನನ್ನು ನದಿ ದಾಟಿಸಿದಳು,
ಕೊಟ್ಟ ನಾಣ್ಯವನ್ನು ಹಲ್ಲಲ್ಲಿ ಕಚ್ಚಿ ನೋಡಿದಳು.
ಅವನು ಹೋದ. ಕಥೆಯೂ ಅವನ ಬೆನ್ನು ಹತ್ತಿ ಹೋಯಿತು.
ನಾನು ಹೋಗಲಿಲ್ಲ.

ಹೊತ್ತು ಇಳಿಯುತ್ತಿದೆ, ಅವಳೊಬ್ಬಳೇ
ದೋಣಿ ತಿರುಗಿಸಬೇಕು.
ತುಂಬಿದ ದೋಣಿಗಿಂತ ಖಾಲಿ ದೋಣಿ ಕಷ್ಟ,
ಗಾಳಿ ಅದನ್ನು ಎತ್ತಿಕೊಳ್ಳುತ್ತದೆ, ಅಪ್ಪ ಹೇಳುತ್ತಿದ್ದ.
ಆಚೆ ಗುಡಿಸಲಲ್ಲಿ ಒಲೆ ಹಚ್ಚಿದವರುಂಟೇ?
ಆ ನಾಣ್ಯಕ್ಕೆ ಎಷ್ಟು ಉಪ್ಪು ಬಂದೀತು?
ಮುಂದೆ ಎಂದೋ ಪಟ್ಟಾಭಿಷೇಕದ ಡಂಗುರ ಕೇಳಿ
"ಓ, ಅವನಾ? ನಡುಹೊಳೆಯಲ್ಲಿ ವಾಂತಿ ಮಾಡಿಕೊಂಡವನು"
ಅಂದುಬಿಟ್ಟಾಳೇ?

ಅಲ್ಲೇ ಅಂಚಿನಲ್ಲಿ, ಪೆನ್ಸಿಲಿನ ಸಣ್ಣ ಅಕ್ಷರ,
ನನಗಿಂತ ಮೊದಲು ಓದಿದವರು ಯಾರೋ:
"ನೂರ ತೊಂಬತ್ತನೆಯ ಪುಟದಲ್ಲಿ ಇದೇ ನದಿ
ಹೆಪ್ಪುಗಟ್ಟಿತ್ತು. ದೋಣಿ ಎಲ್ಲಿಂದ ಬಂತು?"

ಒಬ್ಬಳೇ ನಕ್ಕೆ.
ಸಾವಿರವೂ ಇಲ್ಲದ ಜನ ಈ ದ್ವೀಪದಲ್ಲಿ,
ಯಾರಿರಬಹುದು? ಶಾಲೆ ಬಿಟ್ಟ ಮೇಲೆ
ಯಾರೊಡನೆಯೂ ಮಾತಾಡದ ರೋಬಿನಾ?
ಉಣ್ಣೆ ತೂಗುವಾಗ ಕಾಲು ಕಿಲೋಗೂ ಜಗಳಾಡುವ ಲೋರಿ?
ಗಿಬ್ಬಿಗೆ ಗೊತ್ತು. ಹೇಳುವುದಿಲ್ಲ, ನಿಯಮವಂತೆ.

ಪೆನ್ಸಿಲು ಹುಡುಕಿ ಅದರಡಿ ಬರೆದೆ:
"ಹೆಪ್ಪು ಒಡೆಯುವ ಕೋಲು ಅವಳ ಬಳಿ ಇತ್ತು.
ಮುಂಜಾನೆಯಿಂದ ಒಡೆಯುತ್ತಿದ್ದಳು.
ಬರೆದವರು ಎದ್ದದ್ದು ತಡ."

ಉಳಿದ ನಾನೂರು ಪುಟ ಹಾಗೇ ಇವೆ.
ಸಿಂಹಾಸನ ಯಾರಿಗಾಯಿತೋ ತಿಳಿಯದು.

ಗುರುವಾರ "ಹೇಗಿತ್ತು?" ಅಂದ ಗಿಬ್ಬಿ.
"ಎರಡು ಸಾಲು ಚೆನ್ನಾಗಿತ್ತು."
ಅವನು ತಲೆ ಕೆರೆದುಕೊಂಡು
ಎರಡನೆಯ ಸಂಪುಟ ಮುಂದೆ ಹಿಡಿದ.
ಹೊರಗೆ ಪಾಳಿಯ ಸೈರನ್ನು ಕೂಗುತ್ತಿತ್ತು.
ನಕ್ಷೆಯನ್ನೂ ನೋಡದೆ
ನಿಂತಲ್ಲೇ ಸರಸರ ತಿರುವಿದೆ,
ಬರೀ ಅಂಚುಗಳನ್ನು.