ಒಂಬತ್ತನೇ ನಂಬರಿನ ಚಪ್ಪಲಿ

ತಕ್ಕಡಿಗಳ ಸುಳ್ಳು ಹಿಡಿಯುವುದು ನನ್ನ ನೌಕರಿ.
ಶಿವಮೊಗ್ಗದಿಂದ ಬೆಳಗಿನ ಬಸ್ಸು,
ಡ್ರೈವರಿನ ಹಿಂದಿನ ಸೀಟು,
ಕಾಲ ಬಳಿ ಮರದ ಪೆಟ್ಟಿಗೆ, ಅದರ ಗುಳಿಗಳಲ್ಲಿ
ಹತ್ತು ಗ್ರಾಮಿನಿಂದ ಎರಡು ಕಿಲೋವರೆಗೆ
ಹಿತ್ತಾಳೆಯ ಬಟ್ಟುಗಳು
ಸಾಲಾಗಿ ಮಲಗಿದ ಮಕ್ಕಳ ಹಾಗೆ.
ಬರಿಗೈಲಿ ಮುಟ್ಟಬಾರದು ಅವನ್ನು.
ಬೆರಳಿನ ಜಿಡ್ಡಿಗೂ ತೂಕವಿದೆ
ಎಂದು ತರಬೇತಿಯಲ್ಲಿ ಕಲಿಸಿದ್ದರು.

ಉಳಿದದ್ದನ್ನು ಯಾರೂ ಕಲಿಸಲಿಲ್ಲ.
ರೂಮ್ ನಂಬರನ್ನು ಇಡೀ ಪಡಸಾಲೆಗೆ ಕೇಳುವಂತೆ
ಕೂಗಿ ಹೇಳುವ ಕೌಂಟರಿನವನಿಗೆ
'ಇದು ಬೇಡ, ಬೇರೆ ಕೊಡಿ' ಅನ್ನುವುದು ತೀರ್ಥಹಳ್ಳಿಯ ಪಾಠ.
'ಒಬ್ರೇನಾ ಮೇಡಂ?' ಅಂದರೆ
'ಇನ್ನೊಬ್ರು ಬರ್ತಾರೆ' ಅಂದು
ಎರಡು ಚಹಾ ತರಿಸಿ
ಒಂದನ್ನು ಬಚ್ಚಲಿಗೆ ಚೆಲ್ಲುವುದು ಹೊಸನಗರದ್ದು.

ಚಪ್ಪಲಿಯ ಉಪಾಯ ಮಾತ್ರ ನನ್ನದೇ.
ಗಾಂಧಿ ಬಜಾರಿನ ಅಂಗಡಿಯವನು
'ಯಜಮಾನರ ಅಳತೆ?' ಅಂದ. ಒಂಬತ್ತು, ಅಂದೆ.
ಇಲ್ಲದವನ ಪಾದ ಎಷ್ಟಿದ್ದರೇನು,
ದೊಡ್ಡದೇ ಇರಲಿ.
ಹೊಸತೆಂದು ಗೊತ್ತಾಗದಿರಲಿ ಅಂತ
ಮೆಟ್ಟಿಲ ಕಲ್ಲಿಗೆ ಹಿಮ್ಮಡಿ ತಿಕ್ಕಿ ತಿಕ್ಕಿ
ನಾನೇ, ಎಚ್. ಕೆ. ಪ್ರೇಮಲೀಲಾ, ಇನ್‌ಸ್ಪೆಕ್ಟರು,
ಒಂದು ಸುಳ್ಳು ಸವೆತ ತಯಾರಿಸಿದೆ.

ಆವತ್ತು ಸಾಗರ.
ಒಂದು ತಕ್ಕಡಿಯ ತಟ್ಟೆಯಡಿ ಅಯಸ್ಕಾಂತ,
ಐವತ್ತು ಗ್ರಾಮಿನದು, ಬೆಲ್ಲದ ಬಣ್ಣ ಬಳಿದದ್ದು.
ಅವನು ಜಗಳ ಮಾಡಲಿಲ್ಲ.
ಸಹಿ ಹಾಕಿ, ಮುಚ್ಚಳ ಮುಚ್ಚಿ, ಪೆನ್ನು ಹಿಂದೆ ಕೊಟ್ಟು,
'ರಾತ್ರಿ ಇಲ್ಲೇನಾ ಮೇಡಂ? ಯಾವ ಲಾಡ್ಜು?' ಅಂದ.
ಬೈದಿದ್ದರೆ ಚೆನ್ನಾಗಿತ್ತು.
'ಸಂಜೆ ಬಸ್ಸಿಗೆ ವಾಪಸ್ಸು' ಅಂದೆ.

ರೂಮಿನ ಚಿಲಕಕ್ಕೆ ಎರಡು ಸ್ಕ್ರೂ ಇರಲಿಲ್ಲ.
ಚಪ್ಪಲಿ ಹೊರಗಿಟ್ಟೆ, ಅವಸರದಲ್ಲಿ ಬಿಟ್ಟ ಹಾಗೆ
ಒಂದನ್ನು ಸ್ವಲ್ಪ ಓರೆಯಾಗಿ.
ಎರಡು ಕಿಲೋ ಬಟ್ಟನ್ನು ಬಟ್ಟೆಯಲ್ಲಿ ಹಿಡಿದು
ಬಾಗಿಲಿಗೆ ಒರಗಿಸಿಟ್ಟೆ.
ತಡೆಯುವುದಿಲ್ಲ ಅದು. ಉರುಳಿದರೆ
ಇಡೀ ಮಹಡಿಗೆ ಕೇಳುತ್ತದೆ, ಅಷ್ಟೆ.

ಹನ್ನೊಂದಾಗಿತ್ತು. ಸದ್ದು.
ಮುಷ್ಟಿಯದಲ್ಲ, ಉಗುರಿನದು.
'ಅಕ್ಕಾ... ನಾನು ಗುತ್ಯಮ್ಮ, ಸೊರಬದ ಕಡೆ.
ಬಿಸಿಯೂಟದ ಟ್ರೈನಿಂಗಿಗೆ ಬಂದಿದ್ದೆ, ಕೊನೇ ಬಸ್ಸು ತಪ್ಪಿತು.
ಪಕ್ಕದ ರೂಮಿಗೆ ಒಳಗಿನ ಚಿಲಕವೇ ಇಲ್ಲ.'

ಹೆಂಗಸಿನ ದನಿಯ ಹಿಂದೆ ಯಾರಿದ್ದಾರೋ.
ಕತ್ತಲಲ್ಲಿ ಕೂತು ಯೋಚಿಸಿದೆ.
'ನೂರು ಮಕ್ಕಳಿಗೆ ಬೇಳೆ ಎಷ್ಟು?' ಎಂದೆ ಬಾಗಿಲಿಗೆ.
ಒಂದು ಕ್ಷಣ ಸದ್ದಿಲ್ಲ. ಆಮೇಲೆ,
'ಲೆಕ್ಕದಾಗೆ ಎರಡು ಕಿಲೋ ಅಕ್ಕಾ,
ತೂಗಿದರೆ ಯಾವತ್ತೂ ಕಮ್ಮಿ.'

ಇಂಥ ಉತ್ತರವನ್ನು ಕಲಿಸಿ ಕಳಿಸಲು ಆಗುವುದಿಲ್ಲ.
ತೆಗೆದೆ.

ಗಿಡ್ಡ ಹೆಂಗಸು, ಎದೆಗವುಚಿದ ಪ್ಲಾಸ್ಟಿಕ್ ಚೀಲ,
ನನ್ನ ಹೆಗಲ ಮೇಲಿಂದ ರೂಮೊಳಗೆಲ್ಲ ಹುಡುಕಿದಳು.
'ಅರ್ಧ ಗಂಟೆಯಿಂದ ಇಲ್ಲೇ ನಿಂತಿದೀನಿ.
ಗಂಡಸರ ಚಪ್ಪಲಿ ಕಂಡು ಬಡಿಯೋಕೆ ಧೈರ್ಯ ಬರಲಿಲ್ಲ.'

ಇಬ್ಬರೂ ಕೆಳಗೆ ನೋಡಿದೆವು.
ಓರೆಯಾಗಿ ಬಿದ್ದಿತ್ತು ಅದು, ಎಷ್ಟು ಸಹಜವಾಗಿ.

ಒಂದೇ ಮಂಚ, ಒಂದೇ ಹೊದಿಕೆ.
ನಾನು ಬೇಡ ಅನ್ನುವುದರೊಳಗೆ
ಬಟ್ಟನ್ನು ಬರಿಗೈಲಿ ಎತ್ತಿ
ಅವಳೇ ಬಾಗಿಲಿಗಿಟ್ಟಳು,
ಒಲೆಯ ಮೇಲಿಂದ ಪಾತ್ರೆ ಇಳಿಸುವವರ ಹಾಗೆ.
ನಾನು ಮಲಗಿದೆ. ನಿಜವಾಗಿ ಮಲಗಿದೆ,
ಕನಸು ಬೀಳುವಷ್ಟು.

ಬೆಳಿಗ್ಗೆ ಅವಳಿಲ್ಲ. ಆರರ ಬಸ್ಸಂತೆ.
ಹಿತ್ತಾಳೆಯ ಮೈಮೇಲೆ ಐದು ಬೆರಳ ಗುರುತು.
ಒರೆಸಬೇಕು, ನಿಯಮ.
ಒರೆಸಿದೆ, ಆದರೆ ಶಿವಮೊಗ್ಗ ಮುಟ್ಟಿದ ಮೇಲೆ.
ಕುಂಸಿ, ಆಯನೂರು ದಾಟುವಾಗೆಲ್ಲ
ಪೆಟ್ಟಿಗೆ ಒಂದು ಕೂದಲೆಳೆಯಷ್ಟು ಭಾರವಾಗಿಯೇ ಇತ್ತು.

ಮುಂದಿನ ವಾರ ಶಿಕಾರಿಪುರ.
ರಾತ್ರಿ ಚಪ್ಪಲಿ ಕೈಲಿ ಹಿಡಿದು
ಬಾಗಿಲಲ್ಲಿ ತುಂಬ ಹೊತ್ತು ನಿಂತಿದ್ದೆ.
ಆ ಪೆನ್ನಿನ ಮುಚ್ಚಳ ನೆನಪಾಯಿತು.
ಹೊರಗೇ ಇಟ್ಟೆ.
ಒಳಗೆ ಬಂದು, ದೀಪ ಆರಿಸಿ,
ಉಗುರಿನ ಸದ್ದೇನಾದರೂ ಇದೆಯೇ ಎಂದು
ಕಿವಿ ತೆರೆದು ಮಲಗಿದೆ.