ಕೊಸರು

ಲಾರಿಯವನು ಬಾಗಿಲಲ್ಲಿ ಇಳಿಸಿ ಹೋದದ್ದು ಬರೀ ಕಬ್ಬಿಣ.
ಮುನ್ನೂರೈವತ್ತೊಂಬತ್ತು ತುಂಡು ಎಂದಿತು ಜೊತೆಗೆ ಬಂದ ಕಾಗದ.
ಜೋಡಿಸಿದರೆ ಮೇಜು, ಮೇಜಿನ ಕೆಳಗೆ ಮನೆ,
ಮನೆಯೊಳಗೊಂದು ಮನೆ,
ಹೊರಗಿನದು ಬಿದ್ದರೆ ಒಳಗಿನದು ನಿಲ್ಲಬೇಕು.

ನಡುರಾತ್ರಿಯಿಂದ ಹಡಗುಕಟ್ಟೆಯಲ್ಲಿ ಕಾಡ್ ಮೀನು ಇಳಿಸಿ ಬಂದ ಅಪ್ಪ
ಬೂಟು ಬಿಚ್ಚದೆ ನೆಲಕ್ಕೆ ಕೂತ.
ಹಲ್ ಊರಿನಲ್ಲಿ ಅವನಷ್ಟು ಮಾತಾಡದವನು ಇನ್ನೊಬ್ಬನಿಲ್ಲ;
ಆ ದಿನ ಮಾತ್ರ ಪ್ರತಿ ತಿರುಪಿಗೂ ಒಂದೊಂದು ಬೈಗುಳ.
ಸಂಜೆಗೆ ಮೇಜು ನಿಂತಿತು.
ಕೈಯಲ್ಲಿ ಒಂದು ಬೋಲ್ಟು ಉಳಿಯಿತು.

ಎಣಿಸಿದ. ಮತ್ತೆ ಎಣಿಸಿದ.
ತೆವಳಿಕೊಂಡು ಒಳಹೋಗಿ ಮೂಲೆಮೂಲೆಗೆ ಬೆರಳಾಡಿಸಿದ.
ಎಲ್ಲ ತೂತಿಗೂ ಒಂದೊಂದು ಬೋಲ್ಟು, ಎಲ್ಲ ಬೋಲ್ಟಿಗೂ ನಟ್ಟು,
ಆದರೂ ಒಂದು.
"ಕೊಸರು ಕಣೋ ವಿಲ್ಫ್, ಕೊಸರು" ಅಂದಳು ಅಜ್ಜಿ,
"ಮೀನಿನವನು ಡಜನ್ನಿಗೆ ಹದಿಮೂರು ಹಾಕುವುದಿಲ್ಲವೇ?"
"ಸರಕಾರ ಕೊಸರು ಕೊಟ್ಟದ್ದು ನೀನೆಲ್ಲಿ ಕಂಡೆ?"
ಬೋಲ್ಟು ಅಪ್ಪನ ಜೇಬಿಗೆ ಹೋಯಿತು.

ಅಮ್ಮ ಮೇಲೊಂದು ಬಿಳಿ ಬಟ್ಟೆ ಹಾಸಿದಳು, ಅಂಚಿಗೆ ಲೇಸು.
ಎಷ್ಟು ಎಳೆದರೂ ಕಬ್ಬಿಣದ ಕಾಲು ಮುಚ್ಚಲಿಲ್ಲ.
ಮೇಲೆ ಹಗಲು: ಆಲೂಗಡ್ಡೆ, ಹೆರಿಂಗಿನ ಮುಳ್ಳು, ನನ್ನ ಮಗ್ಗಿ.
ಕೆಳಗೆ ರಾತ್ರಿ: ಅಮ್ಮ, ನಾನು, ಸಿರಿಲ್, ಅವನ ಒದ್ದೆ ಚಡ್ಡಿ,
ಸುತ್ತ ತಂತಿಯ ಬಲೆ.

ಅಜ್ಜಿ ಥಿರ್ಜಾ ಮಾತ್ರ ಒಳಗೆ ಬರಲೊಲ್ಲಳು.
"ಐವತ್ತು ವರ್ಷ ಕೋಳಿ ಸಾಕಿದ್ದೇನೆ.
ಗೂಡಿಗೆ ಹೋದ ಕೋಳಿಯ ಗತಿ ನನಗೆ ಗೊತ್ತು."
ಜಾಗ ಸಾಲದು ಅಂತ ಅವಳು ಒಮ್ಮೆಯೂ ಹೇಳಲಿಲ್ಲ.
ಆ ಲೆಕ್ಕ ನನಗೆ ಹೊಳೆದದ್ದು ಬಹಳ ಆಮೇಲೆ,
ನನ್ನವೇ ಮೂರು ಮಕ್ಕಳನ್ನು ಒಂದು ಹಾಸಿಗೆಯಲ್ಲಿ
ಅಡ್ಡಡ್ಡ ಮಲಗಿಸುವಾಗ.
ಬಲೆಯ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು ಕೂರುತ್ತಿದ್ದಳು,
ಹೆಣಿಗೆ ಮುಗಿಸಿ ತಂತಿಯ ಚೌಕದೊಳಗೆ ಬೆರಳು ತೂರಿಸುತ್ತಿದ್ದಳು.
ಎರಡೇ ಹಿಡಿಸುತ್ತಿದ್ದವು.
ಹಿಡಿದುಕೊಂಡು ನಿದ್ದೆ ಹೋಗುತ್ತಿದ್ದೆ.

ಮೇ ತಿಂಗಳ ಆ ರಾತ್ರಿಯ ಸದ್ದು ನನಗೆ ನೆನಪಿಲ್ಲ.
ಕೇಳಿದವರಿಗೆಲ್ಲ ನಿರಾಸೆ.
ನೆನಪಿರುವುದು ಬಾಯಿತುಂಬ ಸುಣ್ಣ,
ಮೇಜು ನಮ್ಮ ಮೂಗಿನ ತನಕ ಬಗ್ಗಿ
ಅಲ್ಲಿಗೆ ನಿಂತದ್ದು,
ಅಮ್ಮ ಕತ್ತಲಲ್ಲಿ ನಮ್ಮ ಕೈಕಾಲು ಎಣಿಸಿದ್ದು,
ಸಿರಿಲ್ ಬಿಸ್ಕತ್ತು ಕೇಳಿದ್ದು.
ಎರಡು ಬೆರಳು ನಾನು ಹಿಡಿದೇ ಇದ್ದೆ.
ಬಿಸಿಯಿದ್ದವು. ಒಮ್ಮೆ ನನ್ನ ಹೆಬ್ಬೆರಳನ್ನು ಒತ್ತಿದವು.
ಎಷ್ಟು ಹೊತ್ತು ಬಿಸಿಯಿದ್ದವು ಎಂದು ಆಗ ಯಾರೂ ಕೇಳಲಿಲ್ಲ,
ಈಗ ನಾನೂ ಹೇಳುವುದಿಲ್ಲ.

ಕಟ್ಟೆಯ ಬೆಂಕಿ ಕಾಯಲು ಹೋಗಿದ್ದ ಅಪ್ಪ
ಬೆಳಗ್ಗೆ ಇಟ್ಟಿಗೆ ಎತ್ತುವವರ ಸಾಲಿನಲ್ಲಿದ್ದ.
ಮೊದಲು ಕಂಡದ್ದು ಅವನ ಬೂಟು, ಆಮೇಲೆ ಆಕಾಶ.
ಮೂವರನ್ನೂ ಹೊರಗೆಳೆದು,
ಪಕ್ಕದ ಮನೆಯ ಮಿಸೆಸ್ ಓಲ್ಡ್‌ರಾಯ್ಡ್ ನಮಗೆ ಕಂಬಳಿ ಸುತ್ತುತ್ತಿರುವಾಗ
ಅವನು ಮತ್ತೆ ಒಳಗೆ ತೆವಳಿದ.
ಹೆತ್ತವಳ ಕಡೆಗೆ ತಿರುಗುವ ಮೊದಲು ಮೂಲೆಗಳ ಕಡೆಗೆ.
ಒಂದೊಂದೇ ಬೋಲ್ಟು ಮುಟ್ಟಿ ನೋಡಿದ.
ಎಲ್ಲ ಇದ್ದವು.
ಆಗ ಅತ್ತ.

ಮೇಜು ಗುಜರಿಗೆ ಹೋಯಿತು. ಅಪ್ಪನೂ ಹೋದ.
ಅದು ಮಾತ್ರ ನನ್ನ ಗುಂಡಿಗಳ ಡಬ್ಬಿಯಲ್ಲಿದೆ.
ಮೊನ್ನೆ ಮರಿಮಗಳು ಹೆಕ್ಕಿ ತೆಗೆದು ಕೇಳಿದಳು,
ಇದು ಯಾವುದರದ್ದು?
ಯಾವುದರದ್ದೂ ಅಲ್ಲ ಪುಟ್ಟಿ,
ಎಲ್ಲಕ್ಕೂ ಹಾಕಿ ಮುಗಿದ ಮೇಲೆ ಉಳಿದದ್ದು.
ಅವಳು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದಳು.
ಎಂಬತ್ತು ವರ್ಷಕ್ಕೂ ತುಕ್ಕಿಲ್ಲ.
ಅಪ್ಪ ಮೇ ತಿಂಗಳಲ್ಲೊಮ್ಮೆ ಎಣ್ಣೆ ಹಚ್ಚುತ್ತಿದ್ದ,
ನಾನೂ ಬಿಟ್ಟಿಲ್ಲ.