ಮುಚ್ಚಳ

ಭಾನುವಾರ ಏಳೂವರೆಗೆ, ಸೀಗೆಹಟ್ಟಿ ತಿರುವಿನಲ್ಲಿ
ನನ್ನ ಡಬ್ಬಿಯ ಸದ್ದು ಕೇಳಿಯೇ
ನಿಯಾಮತ್ ಕತ್ತಿ ಮಸೆಯುತ್ತಾನೆ.
ಡಬ್ಬಿಯ ಹೊಟ್ಟೆಯ ಮೇಲೆ ಚುಕ್ಕಿ ಚುಕ್ಕಿ ಅಕ್ಷರ:
‘ಚಿ. ಸೌ. ಹಾಲಮ್ಮನಿಗೆ, ಸೋದರಮಾವ, ೧೨-೫-೮೩.’
ನಮ್ಮತ್ತೆಯ ಮದುವೆಯದು.
ಮುಚ್ಚಳ ಬೇರೆ ಯಾರದೋ;
ಸರಿಯಾಗಿ ಕೂರದು, ದಾರ ಕಟ್ಟಬೇಕು.

ಮೊದಮೊದಲು ನಕ್ಕಿದ್ದ: ‘ಕವರು ಫ್ರೀ, ಅಕ್ಕಾ.’
ಡಬ್ಬಿಯ ತೂಕ ಕಳೆಯಲು ಬೇಸರ.
ಈಗ ಅವನಿಗೇ ಬಾಯಿಪಾಠ,
ಮುನ್ನೂರ ಹತ್ತು ಗ್ರಾಂ.

ದೊಡ್ಡವಳೇನಲ್ಲ ನಾನು.
ಅಡುಗೆಮನೆ ಬಾಗಿಲ ಹಿಂದಿನ ಮೊಳೆಗೆ
ಒಂದು ಕವರು, ಅದರೊಳಗೆ ನೂರು ಕವರು,
ಹೆಜ್ಜೇನ ಹುಟ್ಟಿಯ ಹಾಗೆ ಜೋತುಬಿದ್ದಿದೆ ಇನ್ನೂ.
ಎಸೆಯಲಾರೆ. ಮಳೆ ಬಂದರೆ
ಮೊಬೈಲಿಗೊಂದು, ತಲೆಗೊಂದು.

ಹೋದ ಬೇಸಿಗೆ ತುಂಗೆ ಇಳಿದಾಗ
ಸೇತುವೆಯ ಕಾಲಿಗೆ ಸುತ್ತಿಕೊಂಡ ನೀಲಿ ಕವರಿನ ಮೇಲೆ
ನಮ್ಮದೇ ಬೀದಿಯ ಬಟ್ಟೆ ಅಂಗಡಿಯ ಹೆಸರು,
ವಿಳಾಸ, ಫೋನ್ ನಂಬರು ಸಹಿತ;
ಸಿಕ್ಕವರು ಮರಳಿಸಿ ಎಂಬಂತೆ.

ಕಳೆದ ವಾರ ಜ್ವರ.
ಪಕ್ಕದ ಮನೆಯ ಕೊಟ್ರೇಶಿಯ ಕೈಲಿ ಡಬ್ಬಿ ಕಳಿಸಿದೆ.
ಮರಳಿ ಬಂತು, ದಾರವಿಲ್ಲದೆ.
ಮುಚ್ಚಳ ಬದಲಾಗಿದೆ.
ಅದರ ಮೇಲೂ ಚುಕ್ಕಿ ಚುಕ್ಕಿ ಅಕ್ಷರ,
ಬಲದಿಂದ ಎಡಕ್ಕೆ. ನನಗೆ ಓದಲು ಬಾರದು.
ಯಾರ ಮದುವೆಯೋ, ಯಾವ ಮಾವನೋ.
‘ಮನೇಲಿ ಸುಮ್ನೆ ಬಿದ್ದಿತ್ತಂತೆ’ ಅಂದ ಹುಡುಗ.

ಕೂರುತ್ತದೆ. ಬಿಗಿಯಾಗಿ ಕೂರುತ್ತದೆ,
ಸೌಟಿನ ಹಿಡಿಯಿಂದ ಮೀಟಬೇಕು ಪ್ರತಿ ಸಲ,
ಉಗುರೊಂದು ಮುರಿಯಿತು.
ಮುನ್ನೂರ ಹತ್ತಲ್ಲ ಇನ್ನು.
ಈ ಭಾನುವಾರ
ಬರಿಗೊಡದ ಲೆಕ್ಕವನ್ನೇ ಮೊದಲು ತೂಗಬೇಕು.